ಕಪ್ಪು ಅಂಚಿನ ಕಾಗದದಲ್ಲಿ ಎರಡು ಹಲ್ಲು

ಸೀಕಾಕಸ್, ನ್ಯೂಜೆರ್ಸಿ

ತಂಗಿ ವನಜಾಗೆ ಅಕ್ಕನ ಆಶೀರ್ವಾದಗಳು. ಮಂಡಿನೋವು ಇಳಿದಿದೆ, ಮಾತ್ರೆ ಮರೆತಿಲ್ಲ.

ನಿನ್ನೆ ಮೊಮ್ಮಗಳು ಕ್ಷಮಾ ತಾನು ಕೆಲಸ ಮಾಡುವ ಪತ್ರಾಗಾರಕ್ಕೆ ಕರೆದುಕೊಂಡು ಹೋಗಿದ್ದಳು. ಇಲ್ಲಿಯವರ ನೂರೈವತ್ತು ವರ್ಷ ಹಳೆಯ ಕಾಗದ, ಕನ್ನಡಕ, ಬಟ್ಟೆಗೊಂಬೆಗಳನ್ನೆಲ್ಲ ಕೂಸಿನ ಹಾಗೆ ಜೋಪಾನ ಮಾಡಿದ್ದಾರೆ. ಒಂದು ಕಾಗದದ ಸುತ್ತ ಕಪ್ಪು ಅಂಚು ಕಂಡು ನಾನು ಹಿಂದೆ ಸರಿದೆ.

"ಅಯ್ಯೋ, ಸಾವಿನ ಕಾಗದ ಕಣೇ! ಓದಿ ಹರಿದು ಹಾಕೋದು ಬಿಟ್ಟು ಒಳಗಿಟ್ಕೊಂಡಿದ್ದೀರಲ್ಲ!"

ಅವಳಿಗೆ ನಗುವೋ ನಗು. "ನೋ ಅಜ್ಜಿ! ಗಂಡ ಹೋದ್ಮೇಲೆ ವರ್ಷವೆಲ್ಲ ಇದೇ ಪೇಪರಲ್ಲಿ ಬರೀತಿದ್ರು. ಜಸ್ಟ್ ಲಿಸನ್," ಎಂದು ಓದಿ ಹೇಳಿದಳು. ಗಂಡನನ್ನು ಕಳೆದುಕೊಂಡ ಆ ಹೆಂಗಸು ತನ್ನ ತಂಗಿಗೆ ಬರೆದಿದ್ದಾಳೆ: ಮೊಮ್ಮಗನಿಗೆ ಎರಡು ಹಲ್ಲು ಬಂದಿವೆ, ನನ್ನ ಬೆರಳನ್ನೇ ಕಚ್ಚಿದ, ನಕ್ಕು ನಕ್ಕು ಸುಸ್ತಾದೆ!

ನಿಮ್ಮವರು ಹೋಗಿ ವರ್ಷ ತುಂಬಿಲ್ಲವೆಂದು, ಬರುವ ತಿಂಗಳು ನಿನ್ನ ಮೊಮ್ಮಗಳ ನಾಮಕರಣದ ದಿನ ಒಳಕೋಣೆಯಲ್ಲೇ ಕೂರುತ್ತೇನೆ ಅಂದೆಯಂತೆ. ಕೂರಬೇಡ. ತೊಟ್ಟಿಲ ಪಕ್ಕ ನಿಂತು ಮಗುವಿನ ಕಿವಿಯಲ್ಲಿ ಮೊದಲು ನೀನೇ ಹೆಸರು ಹೇಳು. ಯಾರಾದರೂ ಮೂಗು ಮುರಿದರೆ, ಅಕ್ಕನ ಅಪ್ಪಣೆ ಅನ್ನು.

ಇದನ್ನು ಅಂಚೆಗೆ ಹಾಕಬೇಕಾದ ಕ್ಷಮಾ ಟ್ರೈನಿಗೆ ಹೊರಟು ನಿಂತಿದ್ದಾಳೆ, ಈ ಕಾರ್ಡಿನಲ್ಲಿ ಜಾಗವೂ ಇಲ್ಲ. ಮಗುವಿಗೆ ಹಲ್ಲು ಬಂದಾಗ ಮೊದಲು ನಿನ್ನ ಬೆರಳು ಕೊಡು.

ನಿನ್ನ ಅಕ್ಕ,
ಸುಂದರಾ