ಕೆಂಪು ದಾರ ಹೊಲಿದ ಪ್ರಶ್ನೆ

೧೪ನೇ ತಾರೀಕು, ಗುರುವಾರ
ಬಂಕಿನ ಹಿಂದಿನ ಬೆಂಚು, ಮಧ್ಯಾಹ್ನದ ಬಿಡುವು

ನನ್ನ ಗುಬ್ಬಿಗೆ,

ಅಣ್ಣನ ಪ್ರೀತಿಯ ನೆನಪುಗಳು. ಮೊದಲು ಬೈದುಬಿಡು, ಆಮೇಲೆ ಓದು. ಕಂತು ನೋಡಿದ ಮಾರನೇ ದಿನವೇ ಬರೆಯಬೇಕಾದವನು ಹನ್ನೊಂದು ದಿನ ತಡ ಮಾಡಿದ್ದೇನೆ. ಬಂಕಿಗೆ ಹೊಸ ಪಂಪು ಬಂತು, ಹೊಸದಾಗಿ ಸೇರಿದ ಮೂವರಿಗೆ ಕೆಲಸ ಕಲಿಸಬೇಕಾಯಿತು, ನಿನ್ನ ಅತ್ತಿಗೆಗೆ ನೆಗಡಿ. ನೆಪಗಳಿಗೇನು, ಬೇಕಾದಷ್ಟಿವೆ. ಅಮ್ಮ ಚೆನ್ನಾಗಿದ್ದಾರೆ. ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಇನ್ನೂ ಚುರುಕಾಗಿದೆ. ನನ್ನ ಎಡಗೈ ಬರಹ ಎಂದಿನಂತೆ ಕಾಗೆ ಕಾಲು ಗುಬ್ಬಿ ಕಾಲು. ಗುಬ್ಬಿಗೆ ಬರೆಯುವಾಗ ಗುಬ್ಬಿ ಕಾಲಾದರೆ ತಪ್ಪಿಲ್ಲ ಎಂದು ಹೊಟ್ಟೆಗೆ ಹಾಕಿಕೋ.

ಬೇರೆಯವರ ಮನೆಯಲ್ಲಾಗಿದ್ದರೆ ಈ ಸುದ್ದಿಯೆಲ್ಲ ಎರಡು ನಿಮಿಷದ ಫೋನಿನಲ್ಲಿ ಮುಗಿದುಹೋಗುತ್ತಿತ್ತು. ನಮ್ಮಿಬ್ಬರ ದೆಸೆಯಿಂದ ಅಂಚೆಯಣ್ಣನಿಗೆ ಇನ್ನೂ ಕೆಲಸವಿದೆ. ನೀನು ಫೋನ್ ಮುಟ್ಟಿ ಒಂಬತ್ತು ವರ್ಷವಾಯಿತು. ಗ್ರಂಥಾಲಯದಲ್ಲಿ ಪುಸ್ತಕ ಹೊಲಿಯುತ್ತಾ ಕೂತಿದ್ದಾಗ ಪಕ್ಕದ ಮೇಜಿನ ಫೋನ್ ಬಡಿದುಕೊಂಡರೆ ಸೂಜಿ ಕೆಳಗಿಟ್ಟು ಹೊರಗೆ ಹೋಗಿಬಿಡುತ್ತೀಯಂತೆ. ನಿನ್ನ ಜೊತೆ ಕೆಲಸ ಮಾಡುವವಳು ಇಲ್ಲಿಗೆ ಬಂದಿದ್ದಾಗ ಅತ್ತಿಗೆಯ ಹತ್ತಿರ ಹೇಳಿದಳು. ಯಾಕೆಂದು ಅವಳಿಗೆ ಗೊತ್ತಿಲ್ಲ. ನಮಗೆ ಗೊತ್ತು.

ಸರಿ, ಇನ್ನು ತಡೆದುಕೊಳ್ಳಲು ನನ್ನ ಕೈಲಾಗುವುದಿಲ್ಲ. ವಿಷಯಕ್ಕೆ ಬರುತ್ತೇನೆ. ಟೀವಿಯ ನಮ್ಮ ‘ನಿಜವೋ ಬುರುಡೆಯೋ’! ಹೋದ ಪತ್ರದಲ್ಲಿ ನೀನು ಏನು ಬರೆದಿದ್ದೆ, ನೆನಪಿದೆಯಾ? “ಮುಂದಿನ ಭಾನುವಾರದ ಕಂತು ನಾನು ನೋಡಲ್ಲ. ನೀನು ನೋಡಿ, ಏನಾಯ್ತು ಅಂತ ಒಂದೂ ಬಿಡದೆ ಬರಿ. ಕಾರಣ ಕೇಳಬೇಡ.” ನಾಲ್ಕು ವರ್ಷದಲ್ಲಿ ಜ್ವರ ಬಂದಾಗಲೂ ಒಂದು ಕಂತು ಬಿಡದವಳು ನೀನು. ಎತ್ತರದಿಂದ ಬಿದ್ದ ನಾಣ್ಯ ತಲೆಬುರುಡೆ ತೂತು ಮಾಡುತ್ತದೋ ಇಲ್ಲವೋ ಎಂದು ನನ್ನ ಜೊತೆ ನಾಲ್ಕು ಪುಟ ಜಗಳವಾಡಿದವಳು. ಇವಳಿಗೇನಾಯಿತಪ್ಪ ಎಂದು ನನಗೆ ತಲೆಬುಡ ತಿಳಿಯಲಿಲ್ಲ.

ನಮ್ಮ ಸಂಘ ಸೇರುವುದು ಎಂದಿನಂತೆ ನಮ್ಮ ಕ್ಷೌರಿಕ ಕತ್ತರಿಯ ಅಂಗಡಿಯಲ್ಲಿ, ಸಂಜೆ ಐದಕ್ಕೆ. ಟೀವಿ ಹಿಂದಿನ ಗೋಡೆಯ ಮೇಲಿರುವುದರಿಂದ ಕುರ್ಚಿಯಲ್ಲಿ ಕೂತವರು ಕನ್ನಡಿಯಲ್ಲೇ ನೋಡಬೇಕು. ನಾನು, ಕತ್ತರಿ, ಶಾಲೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ಗಾಜಿನ ಕೊಳವೆ ತೊಳೆದು ನಿವೃತ್ತರಾದ ಲ್ಯಾಬ್ ಮೇಷ್ಟ್ರು, ಇಷ್ಟೇ ಕಾಯಂ ಸದಸ್ಯರು. ಪ್ರಯೋಗಕ್ಕೆ ಮುಂಚೆ ಎಲ್ಲರೂ ‘ನಿಜ’ ಅಥವಾ ‘ಬುರುಡೆ’ ಎಂದು ಹೇಳಲೇಬೇಕು. ಸೋತವನು ಅಂಗಡಿಯ ಕೂದಲು ಗುಡಿಸಬೇಕು. ಬೋಳಿಸಿದರೆ ಕೂದಲು ದಪ್ಪ ಬೆಳೆಯುತ್ತದೆ ಎನ್ನುವುದು ಶುದ್ಧ ಬುರುಡೆ ಎಂದು ಸಾಬೀತಾದ ವಾರ ಕತ್ತರಿ ಟೀವಿಯನ್ನೇ ಆರಿಸಿಬಿಟ್ಟಿದ್ದ. “ಮೂವತ್ತು ವರ್ಷದಿಂದ ತಾಯಂದಿರಿಗೆಲ್ಲ ನಾನು ಹೇಳಿದ್ದೇನು, ಇವರು ಹೇಳ್ತಿರೋದೇನು! ನನ್ನ ಹೊಟ್ಟೆ ಮೇಲೆ ಹೊಡೀತಾರಲ್ಲ ಇವರು” ಎಂದು ಒಂದು ವಾರ ಮುಖ ಊದಿಸಿಕೊಂಡಿದ್ದ. ಮುಂದಿನ ಭಾನುವಾರ ನಾವು ಹೋಗುವ ಮುಂಚೆಯೇ ಟೀವಿ ಹಾಕಿಕೊಂಡು ಕೂತಿದ್ದ.

ನೀನು ಹೇಳಿದ ಆ ಭಾನುವಾರ ನಾನು ಕುರ್ಚಿಯಲ್ಲಿದ್ದೆ. ಬಲಗೆನ್ನೆ ಮುಗಿದಿತ್ತು, ಎಡಗೆನ್ನೆಯ ತುಂಬ ನೊರೆ. ಕಾರ್ಯಕ್ರಮ ನಡೆಸುವ ಆ ಕನ್ನಡಕದಕ್ಕ ತೆರೆಯ ಮೇಲೆ ಬಂದು, “ಇವತ್ತಿನ ಪ್ರಶ್ನೆ ಕೈಬರಹದ ಕಾಗದದಲ್ಲಿ ಬಂದಿದೆ. ಬರೆದವರು ಹೆಸರು ಹೇಳಬೇಡಿ ಅಂದಿದ್ದಾರೆ” ಎಂದು ಕಾಗದವನ್ನು ಎತ್ತಿ ತೋರಿಸಿದಳು. ಕನ್ನಡಿಯಲ್ಲಿ ಅಕ್ಷರವೆಲ್ಲ ತಿರುಗುಮುರುಗು. ಆದರೆ ಹಾಳೆಗಳ ಮೂಲೆಯಲ್ಲಿ ಕೆಂಪು ದಾರದ ಮೂರು ಹೊಲಿಗೆ ಇತ್ತು ಕಣೇ! ಗುಂಡುಪಿನ್ ಬಿಟ್ಟು ದಾರದಲ್ಲಿ ಕಾಗದ ಹೊಲಿಯುವವರು ಈ ಭೂಮಿಯ ಮೇಲೆ ಎಷ್ಟು ಜನರಿದ್ದಾರೆ? ನಾನು ಗಕ್ಕನೆ ತಿರುಗಿದೆ. ಕತ್ತರಿ ಹೌಹಾರಿ ಕತ್ತಿ ಮೇಲೆತ್ತಿದ. “ಅಯ್ಯೋ, ಕಿವಿ ಹೋಗ್ತಿತ್ತಲ್ಲಯ್ಯ! ಜೀವದ ಮೇಲೆ ಆಸೆ ಇಲ್ವಾ ನಿಂಗೆ?”

ಅವಳು ಓದಿದಳು. “ನನ್ನ ಅಣ್ಣ ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡುತ್ತಾನೆ. ನಾನು ಒಂದು ಒಳ್ಳೆಯ ಸುದ್ದಿ ಹೇಳಲು ಅವನಿಗೆ ಫೋನ್ ಮಾಡಿದೆ. ಅದೇ ಹೊತ್ತಿಗೆ ಬೆಂಕಿ ಹತ್ತಿಕೊಂಡು ಅವನ ಬಲಗೈ ಸುಟ್ಟಿತು. ಫೋನಿನಿಂದ ಪೆಟ್ರೋಲಿಗೆ ಬೆಂಕಿ ಹತ್ತುವುದು ನಿಜವೋ ಬುರುಡೆಯೋ? ಹೇಗಿದ್ದರೂ ಪರವಾಗಿಲ್ಲ, ನನಗೆ ತಿಳಿಯಬೇಕು.”

ಅಷ್ಟು ಓದಿ ಜಾಹೀರಾತು ಹಾಕಿಬಿಟ್ಟರು. ಎಂಥ ಜನ ನೋಡು! ನಾನು ಕೊರಳಿಗೆ ಕಟ್ಟಿದ್ದ ಬಟ್ಟೆಯ ಸಮೇತ, ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡು, ರಸ್ತೆ ದಾಟಿ ಮನೆಗೆ ಓಡಿದೆ. ನಿನ್ನ ಪ್ರಶ್ನೆಯ ಉತ್ತರವನ್ನು ಅಮ್ಮ ಒಬ್ಬರೇ ಕೂತು ಕೇಳಬಾರದು ಎನಿಸಿತು. ಹಿಂದೆ ಕತ್ತಿ ಹಿಡಿದುಕೊಂಡು ಕತ್ತರಿ, ಅವನ ಹಿಂದೆ ಚಪ್ಪಲಿ ಸರಿಪಡಿಸಿಕೊಳ್ಳುತ್ತಾ ಮೇಷ್ಟ್ರು. ಎದುರುಮನೆಯವರು ಕೊಲೆಯೇ ಆಗುತ್ತಿದೆ ಎಂದುಕೊಂಡು ಕಿಟಕಿ ಮುಚ್ಚಿದರು. ಬಾಗಿಲು ತೆಗೆದ ಅತ್ತಿಗೆ, “ಏನ್ರೀ ಇದು ಅವತಾರ?” ಎಂದಳು. ನಾನು ಟೀವಿಯ ಕಡೆ ಕೈ ತೋರಿಸಿದೆ. ಅಮ್ಮ ಆಗಲೇ ಅದರ ಮುಂದೆ ಕೂತಿದ್ದರು. ದಾರ ಅವರಿಗೂ ಕಂಡಿತ್ತು. ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

ಅಮ್ಮ ಆಸ್ಪತ್ರೆಯಲ್ಲಿ ಎಲ್ಲರೆದುರು ನಿನಗೆ ಹೇಳಿದ ಮಾತನ್ನು ನಾವ್ಯಾರೂ ಮನೆಯಲ್ಲಿ ಮತ್ತೆ ಎತ್ತಿಲ್ಲ. “ಆ ಫೋನೊಂದು ಬರದೇ ಇದ್ದಿದ್ರೆ ನನ್ನ ಮಗನ ಕೈ ಉಳೀತಿತ್ತು.” ನೀನು ಅಲ್ಲಿಯೇ ನಿನ್ನ ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಟುಹೋದೆ. ಅದು ಇವತ್ತಿಗೂ ನಮ್ಮ ಬೀರುವಿನಲ್ಲಿದೆ.

ಈಗ ಪ್ರಯೋಗ. ಒಂದೂ ಬಿಡದೆ ಬರೆಯುತ್ತೇನೆ, ನೀನೂ ಒಂದೂ ಬಿಡದೆ ಓದು. ಬಯಲಿನಲ್ಲಿ ಒಂದು ಗಾಜಿನ ಪೆಟ್ಟಿಗೆ ಇಟ್ಟು ಅದರೊಳಗೆ ಪೆಟ್ರೋಲ್ ಆವಿ ತುಂಬಿಸಿದರು. ಒಳಗೆ ಫೋನ್ ಇಟ್ಟು ದೂರದ ಮರಳುಚೀಲಗಳ ಹಿಂದೆ ಅಡಗಿಕೊಂಡು ಕರೆ ಮಾಡಿದರು. ಟ್ರಿಣ್ ಟ್ರಿಣ್. ಏನೂ ಇಲ್ಲ! ಇನ್ನೊಂದು ಸಲ. ಏನೂ ಇಲ್ಲ! ನಲವತ್ತು ಸಲ ಮಾಡಿದರು ಗುಬ್ಬಿ, ಅಮ್ಮ ಒಂದೊಂದನ್ನೂ ಬೆರಳಲ್ಲಿ ಎಣಿಸಿದರು. ಆಮೇಲೆ ಹತ್ತು ಫೋನುಗಳನ್ನು ಒಟ್ಟಿಗೆ ಇಟ್ಟರು. ಹತ್ತೂ ಒಟ್ಟಿಗೆ ಅರಚಿಕೊಂಡವು. ಬೆಂಕಿ ಇರಲಿ, ಹೊಗೆಯೂ ಇಲ್ಲ. “ಆವಿನೇ ಸರಿ ಇಲ್ವೇನೋ” ಎಂದ ಕತ್ತರಿ. ಮೇಷ್ಟ್ರು ಕೈ ಎತ್ತಿ, “ತಾಳಯ್ಯ, ಅದನ್ನೂ ನೋಡ್ತಾರೆ” ಎಂದರು. ನೋಡಿಯೇಬಿಟ್ಟರು. ಅದೇ ಪೆಟ್ಟಿಗೆಯೊಳಗೆ ತಂತಿಯಿಂದ ಒಂದು ಸಣ್ಣ ಕಿಡಿ ಹಾರಿಸಿದರು. ಢಂ! ಮುಚ್ಚಳ ಹಾರಿ ಬೇಲಿಯಾಚೆ ಬಿತ್ತು. ಆವಿ ಸರಿಯಾಗಿತ್ತು, ಫೋನಿನ ಕೈಯಲ್ಲಿ ಆಗಿರಲಿಲ್ಲ, ಅಷ್ಟೇ.

“ಬುರುಡೆ!” ಎಂದು ನಿನ್ನ ಅತ್ತಿಗೆ ಎಷ್ಟು ಜೋರಾಗಿ ಕೂಗಿದಳೆಂದರೆ ಅವಳ ನೆಗಡಿ ಅಲ್ಲೇ ಬಿಟ್ಟುಹೋಗಿರಬೇಕು. ಮೇಷ್ಟ್ರು ಕತ್ತರಿಯನ್ನು ತಬ್ಬಿಕೊಂಡರು, ಕತ್ತರಿ ಕತ್ತಿಯನ್ನು ಮೇಲೆತ್ತಿ ಹಿಡಿದುಕೊಂಡೇ ತಬ್ಬಿಸಿಕೊಂಡ.

ಹಾಗಾದರೆ ಬಂಕಿನಲ್ಲಿ ಬೆಂಕಿ ಹೇಗೆ ಹತ್ತುತ್ತದೆ? ಅದನ್ನೂ ಬಿಡಲಿಲ್ಲ. ಒಣಹವೆಯಲ್ಲಿ ಸ್ವೆಟರ್ ಬಿಚ್ಚುವಾಗ ಚಟಚಟ ಎನ್ನುತ್ತದಲ್ಲ, ಆ ವಿದ್ಯುತ್ತೇ ಕಳ್ಳ. ಒಂದು ಸಾಮಾನು ಗಾಡಿಯ ಹಿಂಬದಿಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಕ್ಯಾನ್ ಇಟ್ಟು, ಯಂತ್ರದ ಕೈಯಿಂದ ಪೆಟ್ರೋಲ್ ತುಂಬಿಸಿದರು. ಕ್ಯಾನ್ ನೆಲದ ಮೇಲಿದ್ದರೆ ವಿದ್ಯುತ್ ಭೂಮಿಗೆ ಇಳಿದುಹೋಗುತ್ತದೆ. ಪ್ಲಾಸ್ಟಿಕ್ಕಿನ ಮೇಲಿದ್ದರೆ ಎಲ್ಲಿಗೆ ಹೋಗಬೇಕು ಪಾಪ? ಆರನೇ ಸಲ ಪೈಪಿನ ಬಾಯಲ್ಲಿ ಚಿಟ್ ಎಂದು ಕಿಡಿ ಹಾರಿತು, ಬುಸ್ಸೆಂದು ಬೆಂಕಿ. ದೂರದಲ್ಲಿದ್ದ, ಪ್ರಯೋಗ ಮಾಡುವ ಆ ಸುಟ್ಟಹುಬ್ಬಿನವನು ಯಥಾಪ್ರಕಾರ ತನ್ನ ಹುಬ್ಬು ಮುಟ್ಟಿ ನೋಡಿಕೊಂಡ. ಕೊನೆಗೆ ಕನ್ನಡಕದಕ್ಕ ಬಂಕಿನಲ್ಲಿ ಹೇಗಿದ್ದರೂ ಫೋನ್ ದೂರವೇ ಇಡಿ, ಗಮನ ತಪ್ಪುತ್ತದೆ ಎಂದಳು. ಆಮೇಲೆ ಕ್ಯಾಮೆರಾದ ಕಡೆ ಬಾಗಿ, “ಅಕ್ಕ, ನೀವು ಎಲ್ಲಿದ್ದರೂ ಕೇಳಿಸಿಕೊಳ್ಳಿ. ನಿಮ್ಮ ಫೋನ್ ಏನೂ ಮಾಡಿಲ್ಲ” ಎಂದಳು.

ಅಮ್ಮ ಎದ್ದು ಟೀವಿ ಆರಿಸಿದರು. ಆಮೇಲೆ ನನ್ನ ಕಡೆ ತಿರುಗಿ, “ಆ ಮಗೂನ ನಾನು ಎಲ್ಲರ ಮುಂದೆ ಅಂದುಬಿಟ್ಟೆನಲ್ಲೋ. ಹೆತ್ತ ಬಾಯಲ್ಲಿ ಅಂದುಬಿಟ್ಟೆನಲ್ಲೋ” ಎಂದು ಅತ್ತರು. ನೀನು ಬಂದರೆ ಕಾಲು ಹಿಡಿಯುತ್ತೇನೆ ಎನ್ನುತ್ತಿದ್ದಾರೆ. ಅವರ ಮಂಡಿ ಬಗ್ಗುವುದಿಲ್ಲ, ಆದ್ದರಿಂದ ನೀನೇ ಅವರನ್ನು ತಬ್ಬಿಕೊಂಡುಬಿಡು, ಕೆಲಸ ಸುಲಭ.

ಸಂಘದವರು ಮಾತ್ರ ಆವತ್ತಿನಿಂದ ನನ್ನನ್ನು ಹೊತ್ತು ಕುಣಿಯುತ್ತಿದ್ದಾರೆ. ಬಂಕಿನಲ್ಲಿ ನನಗಿರುವ ಅಡ್ಡಹೆಸರು ನಿನಗೆ ಗೊತ್ತಲ್ಲ, ‘ನೆಲಕ್ಕಿಡು ಮಾವ’. ಯಾರೇ ಕ್ಯಾನ್ ತರಲಿ, ಗಾಡಿಯಿಂದ ಇಳಿಸಿ ನೆಲಕ್ಕಿಡುವ ತನಕ ನಾನು ಪೈಪ್ ಮುಟ್ಟಗೊಡುವುದಿಲ್ಲ. ಹೊಸಬರು ನನ್ನ ಬೆನ್ನ ಹಿಂದೆ ಅಣಕಿಸುತ್ತಿದ್ದರು. ಈಗ ಮೇಷ್ಟ್ರು ಬೀದಿಯಲ್ಲಿ ಸಿಕ್ಕವರಿಗೆಲ್ಲ, “ನಮ್ಮ ನೆಲಕ್ಕಿಡು ಒಂಬತ್ತು ವರ್ಷದಿಂದ ಬಡ್ಕೋತಿದ್ದ. ಟೀವಿಯವರಿಗೆ ಈಗ ಗೊತ್ತಾಯ್ತು ನೋಡಿ!” ಎನ್ನುತ್ತಾರೆ. ಕತ್ತರಿ ನನ್ನ ಉಳಿದರ್ಧ ಗಡ್ಡವನ್ನು ಬಿಟ್ಟಿಯಾಗಿ ತೆಗೆದ. ನಾನೂ ನಕ್ಕೆ. ಆವತ್ತು ಮುಖದ ಮೇಲೆ ನೊರೆ ಇದ್ದದ್ದು ಒಳ್ಳೆಯದೇ ಆಯಿತು.

ಪ್ರಶ್ನೆಯನ್ನು ನನಗೆ ಕೇಳದೆ ಟೀವಿಯವರಿಗೆ ಬರೆದೆಯಲ್ಲ ಎಂದು ಮೊದಲ ದಿನ ಸ್ವಲ್ಪ ನೊಂದುಕೊಂಡೆ. ಆಮೇಲೆ ಯೋಚಿಸಿದರೆ, ನನಗೆ ಕೇಳುವ ಹಾಗೆ ನಾನಾದರೂ ಎಲ್ಲಿ ಇದ್ದೆ?

ನಿನ್ನ ಸೂಜಿ ಮುರಿಯದಿರಲಿ, ದಾರ ಗಂಟಾಗದಿರಲಿ. ನೀನು ಹೊಲಿದ ಪುಸ್ತಕಗಳ ಹಾಗೆ ಗಟ್ಟಿಯಾಗಿ ನೂರು ವರ್ಷ ಬಾಳು. ಅಮ್ಮನ ಆಶೀರ್ವಾದ, ಅತ್ತಿಗೆಯ ಪ್ರೀತಿ ಇದರ ಜೊತೆ ಇವೆ.

ನಿನ್ನ ಅಣ್ಣ,
ನೆಲಕ್ಕಿಡು ಮಾವ

ತಾ.ಕ.: ಈ ಪತ್ರವನ್ನು ಮೂರನೇ ಸಲ ಬರೆಯುತ್ತಿದ್ದೇನೆ. ಮೊದಲೆರಡರಲ್ಲಿ ಈ ತಾಜಾ ಕಲಂ ಇರಲಿಲ್ಲ. ಅಂಚೆ ಡಬ್ಬಿಯವರೆಗೆ ಹೋದೆ, ಹಾಕಲು ಕೈ ಬರಲಿಲ್ಲ. ಹನ್ನೊಂದು ದಿನ ಹೋದದ್ದು ಹೀಗೆ.

ಟೀವಿಯವರು ಹೇಳಿದ್ದು ನನಗೆ ಹೊಸದಲ್ಲ ಗುಬ್ಬಿ. ಆ ದಿನ ಗಾಡಿಯ ಹಿಂಬದಿಗೆ ಪ್ಲಾಸ್ಟಿಕ್ ಹಾಳೆ ಹಾಸಿತ್ತು. ಕ್ಯಾನ್ ಇಳಿಸಲು ಸೋಮಾರಿತನ, ಹಿಂದೆ ಸಾಲು ಇತ್ತು, ಅಲ್ಲೇ ತುಂಬಿಸಿದೆ. ತಪಾಸಣೆಗೆ ಬಂದ ಅಧಿಕಾರಿ ನಾಲ್ಕನೇ ದಿನವೇ ವಾರ್ಡಿಗೆ ಬಂದು ನನಗೆ ಹೇಳಿದ್ದರು, ತಪ್ಪು ನನ್ನದೇ ಎಂದು. ಮಾಲೀಕರಿಗೂ ಗೊತ್ತು. ಹೊಸಬರಿಗೆ ಕಲಿಸುವ ಕೆಲಸ ಕೊಟ್ಟದ್ದು ಅದಕ್ಕೇ. ಎಲ್ಲರೂ ಫೋನ್ ನನ್ನ ಜೇಬಿನಲ್ಲಿತ್ತು ಎಂದುಕೊಂಡರು, ನಾನು ತಿದ್ದಲಿಲ್ಲ. ನಿಯಮದ ಪ್ರಕಾರ ಅದು ಕಚೇರಿಯ ಡ್ರಾಯರಿನಲ್ಲಿತ್ತು. ಅಮ್ಮ ಆ ಮಾತು ಆಡಿದಾಗ ನನ್ನ ಮುಖಕ್ಕೆ ಬ್ಯಾಂಡೇಜ್ ಇತ್ತು, ಮಾತಾಡಲು ಆಗುತ್ತಿರಲಿಲ್ಲ. ಬ್ಯಾಂಡೇಜ್ ಬಿಚ್ಚಿದ ಮೇಲೂ ಆಡಲಿಲ್ಲ. ‘ಎಚ್ಚರಗೇಡಿ’ ಎನ್ನಿಸಿಕೊಳ್ಳುವುದಕ್ಕಿಂತ ‘ಪಾಪ’ ಎನ್ನಿಸಿಕೊಳ್ಳುವುದು ಹಿತವಾಗಿತ್ತು. ಒಂದು ವಾರ ಸುಮ್ಮನಿದ್ದವನಿಗೆ ಆಮೇಲೆ ವರ್ಷ ವರ್ಷವೂ ಬಾಯಿ ಬಿಡುವುದು ಕಷ್ಟವಾಯಿತು.

ಇನ್ನೊಂದಿದೆ. ನಿನ್ನ ಫೋನ್ ಬಂದದ್ದು ಬೆಂಕಿ ಹತ್ತಿದ ಮೇಲೆ. ಕೈ ಉರಿಯುತ್ತಿತ್ತು, ಯಾರೋ ಮರಳು ಎರಚುತ್ತಿದ್ದರು, ಒಳಗೆ ಡ್ರಾಯರಿನಲ್ಲಿ ಫೋನ್ ಬಡಿದುಕೊಳ್ಳುತ್ತಿದ್ದದ್ದು ಕೇಳಿಸಿತು. ಆ ಹೊತ್ತಿನಲ್ಲೂ ನನಗೆ ಅನ್ನಿಸಿದ್ದು ಒಂದೇ, ನಮ್ಮ ಗುಬ್ಬಿಗೆ ಗ್ರಂಥಾಲಯದ ಕೆಲಸ ಸಿಕ್ಕಿತು ಎಂದು.

ನನ್ನ ನಂಬರ್ ಬದಲಾಗಿಲ್ಲ. ಬೈಯುವುದಿದ್ದರೆ ಕಾಗದದಲ್ಲಿ ಬೈಯಬೇಡ, ಫೋನ್ ಮಾಡಿ ಬೈ. ಈ ಸಲ ಎತ್ತುತ್ತೇನೆ.