ಒಗೆಯುವ ಮೆಷಿನು ಮತ್ತು ಝೈನಬಳ ಪರೀಕ್ಷೆ

ಪುತ್ತೂರು
9-3-1966

ಪ್ರೀತಿಯ ಝೈನಬಳ ಬಾಪಾರಿಗೆ ರುಕಿಯಾಳ ಸಲಾಂ.

ನಿಮ್ಮ ಕೆಮ್ಮು ಹೇಗುಂಟು? ಬಹರೈನಿನ ಧೂಳಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಕೆಲಸಕ್ಕೆ ಹೋಗಬೇಡಿ. ನಾನು ಕಳುಹಿಸಿದ ಕರಿಮೆಣಸನ್ನು ರೂಮಿನವರಿಗೆಲ್ಲ ಹಂಚಿ ಮುಗಿಸಿರುತ್ತೀರಿ, ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲವೇ. ಇಲ್ಲಿ ನಾನೂ ಮಗಳೂ ಸೌಖ್ಯ. ನಿಮ್ಮ ಉಮ್ಮ ಬಾವಿಕಟ್ಟೆಯಲ್ಲಿ ಜಾರಿಬಿದ್ದು ಹಾಸಿಗೆ ಹಿಡಿದು ತಿಂಗಳಾಯಿತು. ಈಗ ಗೋಡೆ ಹಿಡಿದು ಎರಡು ಹೆಜ್ಜೆ ಇಡುತ್ತಾರೆ. ಬಾಯಿಗೆ ಮಾತ್ರ ಏನೂ ಆಗಿಲ್ಲ, ಅಲ್‌ಹಮ್ದುಲಿಲ್ಲಾ.

ರುಕಿಯಾ ಮೆಷಿನು ಹಾಳುಮಾಡಿದಳು ಎಂದು ನಿಮ್ಮ ಅಣ್ಣ ಅದ್ರಾಮಾಕ ನಿಮಗೆ ಬರೆಸಿದ್ದಾರಂತೆ. ನಡೆದದ್ದನ್ನು ನನ್ನ ಬಾಯಿಂದ ಕೇಳಿ. ನಿಮ್ಮ ಕಂಪೆನಿಯ ದೊರೆ ಬಿಟ್ಟುಹೋದದ್ದೆಂದು ನೀವು ಹಡಗಿನಲ್ಲಿ ಕಳುಹಿಸಿದ ಆ ಒಗೆಯುವ ಮೆಷಿನು ಒಂದು ಬೆಳಿಗ್ಗೆ ಬರೇ ಗುಂಯ್ ಎಂದಿತು, ಒಳಗೆ ಬಟ್ಟೆ ತಿರುಗಲಿಲ್ಲ. ಉಮ್ಮನ ಚಾದರಗಳೇ ದಿನಕ್ಕೆ ನಾಲ್ಕು ಒಗೆಯಲಿಕ್ಕೆ ಉಂಟು. ಅದ್ರಾಮಾಕ ಅಕ್ಕಿ ಮಿಲ್ಲಿನ ಡೊಂಬಯ್ಯನನ್ನು ಕರೆತಂದರು. ಅವನು ಬಿಚ್ಚಿಯೂ ನೋಡದೆ "ಮೋಟರು ಸುಟ್ಟಿದೆ, ಇನ್ನು ಗುಜರಿಗೇ" ಎಂದ. ಅದ್ರಾಮಾಕ ನಿಂತಲ್ಲೇ ತೀರ್ಮಾನ ಕೊಟ್ಟರು: "ಝೈನಬ ಶಾಲೆಗೆ ಹೋಗುದು ಬೇಡ. ಒಗೆಯಲಿಕ್ಕೆ ಜನ ಬೇಕಲ್ಲ." ಎಂಟನೆಯ ಕ್ಲಾಸಿನ ಪಬ್ಲಿಕ್ ಪರೀಕ್ಷೆಗೆ ಆಗ ಮೂರೇ ವಾರ! ನಿಮ್ಮ ಮಗಳು ಪುಸ್ತಕದ ಚೀಲವನ್ನು ಮೊಳೆಗೆ ನೇತುಹಾಕಿ ಒಗೆಯುವ ಕಲ್ಲಿನ ಹತ್ತಿರ ಹೋದಳು. ಅತ್ತಿದ್ದರೆ ನಾನೂ ಜೊತೆಗೆ ಅತ್ತು ಸುಮ್ಮನಾಗುತ್ತಿದ್ದೆನೋ ಏನೋ. ಅವಳು ಅಳಲಿಲ್ಲ. ಅದನ್ನು ನನಗೆ ನೋಡಲಾಗಲಿಲ್ಲ.

ಐದು ದಿನ ತಡೆದೆ. ಆರನೆಯ ದಿನ ಪ್ಲಗ್ ಕಿತ್ತು ಮೆಷಿನನ್ನು ತಿರುಗಿಸಿ ನಿಲ್ಲಿಸಿದೆ. ಮೋಟರು ಸುಟ್ಟಿದ್ದರೆ ಕಮರು ವಾಸನೆ ಬರಬೇಕಿತ್ತು, ಇದು ಗುಂಯ್ ಎನ್ನುತ್ತಾ ಉಂಟು, ಎಂದರೆ ಜೀವ ಉಂಟು. ಹಿಂದಿನ ತಗಡು ಬಿಚ್ಚಿದರೆ ಬೆಲ್ಟು ಜಾರಿ ಕೆಳಗೆ ಬಿದ್ದಿತ್ತು! ಹೊಲಿಗೆ ಮೆಷಿನಿಗೆ ನಾನು ಎಷ್ಟು ಸಲ ಬೆಲ್ಟು ಏರಿಸಿಲ್ಲ? ಮೋಟರಿನ ಬೋಲ್ಟು ಸಡಿಲಿಸಿ, ಬೆಲ್ಟು ಏರಿಸಿ, ಮೋಟರನ್ನು ಎರಡು ಬೆರಳಿನಷ್ಟು ಹಿಂದಕ್ಕೆ ಎಳೆದು ಬಿಗಿಮಾಡಿದೆ. ತಿರುಗಿತು. ಆದರೆ ನೀರು ಹೊರಗೆ ಹೋಗಲೊಲ್ಲದು. ರಬ್ಬರಿನ ಕೊಳವೆ ಕಳಚಿ ತೆಂಗಿನ ಕಡ್ಡಿ ತೂರಿಸಿದೆ. ನೂಲಿನ ಉಂಡೆ, ಅದರೊಳಗೆ ನಿಮ್ಮ ಹಳೆಯ ಶರ್ಟಿನ ಎರಡು ಗುಂಡಿ. ಅಷ್ಟಾದ ಮೇಲೆ ಮಾರಾಯ್ರೆ, ಅದು ಗಡಗಡ ನಡುಗುತ್ತಾ ಬಾಗಿಲ ಕಡೆಗೆ ನಡೆದೇ ಬಂತು! ಬಚ್ಚಲಿನ ನೆಲ ಇಳಿಜಾರಲ್ಲವೇ, ಒಂದು ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಹಲಸಿನ ಮರದ ತುಂಡೊಂದನ್ನು ಅಡಿಗೆ ಕೊಟ್ಟೆ, ತೆಪ್ಪಗೆ ನಿಂತಿತು.

ಸದ್ದು ಕೇಳಿ ಅದ್ರಾಮಾಕ ಪಕ್ಕದ ಮನೆಯಿಂದ ಓಡಿ ಬಂದರು. "ಹೆಂಗಸರು ಕರೆಂಟಿಗೆ ಕೈ ಹಾಕುದಾ? ಯಾರನ್ನು ಕೇಳಿ ಮುಟ್ಟಿದ್ದು?" ನಾನು ಹೇಳಿದೆ, "ಪ್ಲಗ್ ಕಿತ್ತೇ ಮುಟ್ಟಿದ್ದು. ನಿಮ್ಮ ಡೊಂಬಯ್ಯ ಮುಟ್ಟಲೇ ಇಲ್ಲ. ನಾಳೆ ಝೈನಬ ಶಾಲೆಗೆ ಹೋಗ್ತಾಳೆ." ಅವರು ಬಾಯಿ ತೆರೆಯುವುದರೊಳಗೆ ಒಳಗಿನಿಂದ ಉಮ್ಮನ ಸ್ವರ ಬಂತು: "ಅದ್ರಾಮ, ಮೆಷಿನು ತಿರುಗ್ತಾ ಉಂಟಲ್ಲ, ಇನ್ನು ಎಂತ ನಿನ್ನದು?" ಅವರು ಚಹಾ ಕುಡಿಯದೆ ಹೋದರು. ಮರುದಿನ ನಾನೇ ಬುರ್ಖಾ ಹಾಕಿಕೊಂಡು ಮಗಳ ಜೊತೆ ಶಾಲೆಯವರೆಗೆ ನಡೆದೆ. ದಾರಿಯಲ್ಲಿ ನೋಡಿದವರು ನೋಡಲಿ.

ಉಮ್ಮ ನಿಮಗೆ ದುಆ ಹೇಳಿದ್ದಾರೆ. ಪರೀಕ್ಷೆಗೆ ಓದುತ್ತಾ ಕೂತಿರುವ ಝೈನಬಳ ಸಲಾಂ. ಅಲ್ಲಾಹನು ನಿಮ್ಮ ಎದೆಗೆ ತಂಪು ಕೊಡಲಿ.

ನಿಮ್ಮ
ರುಕಿಯಾ

ತಾ.ಕ.: ಟಪ್ಪಾಲಿಗೆ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಬಕ್ರೀದ್ ಕಳೆದ ಕೂಡಲೇ ಝೈನಬಳ ನಿಖಾಹ್ ಎಂದು ಅದ್ರಾಮಾಕ ಈಶ್ವರಮಂಗಲದ ಒಂದು ಕಡೆ ಮಾತು ಕೊಟ್ಟಿದ್ದಾರೆ. ನಿಮ್ಮ ಒಪ್ಪಿಗೆ ಕೇಳಿ ಅಂಗಡಿಯ ಶುಕೂರನ ಕೈಯಲ್ಲಿ ಕಾಗದ ಬರೆಸಿದ್ದಾರೆ. ಅವಳಿಗೆ ಇನ್ನೂ ಹದಿಮೂರು. ಮದುವೆ ಇಲ್ಲ, ಅವಳು ಹೈಸ್ಕೂಲಿಗೆ ಹೋಗುತ್ತಾಳೆ ಎಂದು ಆ ಮನೆಯವರಿಗೆ ನಾನು ಆಗಲೇ ಹೇಳಿ ಕಳುಹಿಸಿಯಾಯಿತು. ನೀವು "ಅಣ್ಣ ಹೇಳಿದ ಹಾಗೆ" ಎಂದು ಬರೆದೀರಿ, ಜೋಕೆ. ನಿಮ್ಮ ಕಾಗದವನ್ನು ಈ ಮನೆಯಲ್ಲಿ ಎಲ್ಲರಿಗೂ ಓದಿ ಹೇಳುವವಳು ನಾನು.