ಸಾಕು ಅಂದವರ ಮಹಡಿ

ಮತ್ತೆ, ನಿನ್ನೆ ಕೇಳ್ವಿಗದ ವಿಷಯಕ್ಕೆ ಬಂದು ನಿಲ್ಲಿಸಿದ್ದೆನಲ್ಲ, ಅಲ್ಲಿಂದಲೇ ಹೇಳುತ್ತೇನೆ. ತಾರೀಖು ಹಾಕಲು ಮರೆತಿದ್ದೆ: ಇಸವಿ ೨೧೯೪, ಆಷಾಢ ನಲವತ್ತೊಂದು. ನಮ್ಮಲ್ಲಿ ಆಷಾಢ ಈಗ ಅಷ್ಟುದ್ದ. ನೂರಾರು ವರ್ಷ ಹಿಂದಿರುವ ನಿಮಗೆ ನನ್ನ ಪದಗಳು ವಿಚಿತ್ರ ಅನ್ನಿಸಿದರೆ ಕ್ಷಮಿಸಿ.

ನಮ್ಮದು ಸಿರಿವಂತ ದೇಶ. ಪರ್ ಕ್ಯಾಪಿಟಾ ಆದಾಯ ಅಂತ ಕಾಲೇಜಿನಲ್ಲಿ ಓದಿದ್ದೆ, ಅದರಲ್ಲಿ ನಾವೇ ಮೊದಲಂತೆ. ಕ್ಯಾಪಿಟಾ ಅಂದರೆ ತಲೆ ಅಂತ ನೆನಪು. ಯಾರ ತಲೆಯೋ ಮರೆತೆ. ಬಡವ ಎಂಬ ಪದ ಕಡತಗಳಲ್ಲಿಲ್ಲ. ಕೆಳಮಹಡಿಯ ನಮ್ಮನ್ನು ಮಿತತೃಪ್ತರು ಎನ್ನುತ್ತಾರೆ. ಕೇಳ್ವಿಗ ವರ್ಷಕ್ಕೊಮ್ಮೆ ನಮ್ಮ ಬಾಗಿಲಿಗೆ ಬರುವ ಯಂತ್ರ. ಕಾಳು, ಔಷಧಿ, ಬೆಚ್ಚನೆಯ ಗಾಳಿ, ಒಂದೊಂದನ್ನೂ ಹೆಸರಿಸಿ ಸಾಕೇ ಎಂದು ಒಂದೇ ಸಲ ಕೇಳುತ್ತದೆ. ಸಾಕು ಅಂದರೆ ಅದರಲ್ಲಿ ನಮ್ಮ ಪಾಲು ಕಡಿತವಾಗುತ್ತದೆ. ಮೇಲಿನ ಮಹಡಿಯವರನ್ನು ಯಾರೂ ಕೇಳುವುದಿಲ್ಲ, ಅಲ್ಲಿ ತಾನಾಗಿ ತುಂಬುತ್ತದೆ.

ನನ್ನ ಹೆಂಡತಿ ಅನಸೂಯೆ ಊಟಕ್ಕೆ ಕೂತರೆ ಎಲೆಗೆ ಕೈ ಅಡ್ಡ ಹಿಡಿದು ಸಾಕು ಸಾಕು ಅನ್ನುವವಳು, ಬೆರಳ ಸಂದಿ ಮಾತ್ರ ಬಿಟ್ಟಿರುತ್ತಿದ್ದಳು. ಬಡಿಸುವವರು ಒತ್ತಾಯ ಮಾಡಿ ಇನ್ನೊಂದು ಸೌಟು ಹಾಕಬೇಕು, ಅದು ನಮ್ಮ ಮರ್ಯಾದೆ. ಎದೆನೋವಿನ ಔಷಧಿಯ ಸರದಿ ಬಂದಾಗಲೂ ಅವಳು ಸಂಕೋಚದಿಂದ ಸಾಕು ಅಂದಳು. ಯಂತ್ರ ಒತ್ತಾಯ ಮಾಡಲಿಲ್ಲ. ಆ ಚಳಿಗಾಲವನ್ನು ಅವಳು ದಾಟಲಿಲ್ಲ.

ನಾಳೆ ಕೇಳ್ವಿಗ ಮತ್ತೆ ಬರುತ್ತದೆ. ಮಗಳು ಇರಾವತಿ ಎಂಟು ತಿಂಗಳ ಬಸುರಿ, ಈ ಸಲ ಉತ್ತರ ಕೊಡಬೇಕಾದವಳು ಅವಳೇ. ಅವಳೂ ತಾಯಿಯ ಹಾಗೆಯೇ. ಅದಕ್ಕೆ ಈ ಮಧ್ಯಾಹ್ನ ಕೂರಿಸಿಕೊಂಡು ಅಭ್ಯಾಸ ಮಾಡಿಸಿದೆ. ನಾನೇ ಕೇಳ್ವಿಗವಾಗಿ, ಗಂಜಿಯ ಸೌಟು ಹಿಡಿದು, ಸಾಕೇ ಎಂದು ಕೇಳಿದೆ. ಸಾಕು ಅಂದಳು. ನೀನು ಅಂದದ್ದು ತಪ್ಪು ಅಂತ ಬೈದು, ಸೌಟು ಹಾಕಿ, ಮತ್ತೆ ಕೇಳಿದೆ. ಮತ್ತೆ ಸಾಕು.

“ನಾಚಿಕೆ ಆಗುತ್ತಪ್ಪಾ,” ಅಂದಳು. “ಬಾಯಿ ಬಿಟ್ಟು ಕೇಳಿ ತಿನ್ನೋದು ನಮ್ಮ ಮನೇಲಿ ಯಾವತ್ತಿತ್ತು?”

“ನಿಮ್ಮಮ್ಮನೂ ಹೀಗೇ ಅಂದಳು ಕಣೇ.”

ಮತ್ತೊಂದು ಸೌಟು ಹಾಕಿ ಕೇಳುತ್ತಲೇ ಹೋದೆ. ಆರನೇ ಸಲವೋ ಏಳನೇ ಸಲವೋ ಕೇಳಿದಾಗ, ನನ್ನ ಮುಖ ನೋಡದೆ ಹೇಳಿದಳು: “ಸಾಲದು. ನನಗೆ ಹಸಿವಾಗಿದೆ.”

ಶಭಾಷ್ ಅಂದೆ. ಸೌಟು ಪಾತ್ರೆಯ ತಳಕ್ಕೆ ಬಡಿಯಿತು. ಅಭ್ಯಾಸ ಮಾಡಿಸುತ್ತಲೇ ಎಲ್ಲವನ್ನೂ ಬಡಿಸಿಬಿಟ್ಟಿದ್ದೆ. ಉಂಡು ಖಾಲಿಯಾದ ತಟ್ಟೆಯನ್ನು ಅವಳು ಹಾಗೇ ಚಾಚಿಕೊಂಡೇ ಇದ್ದಳು.

ನಿಮ್ಮಲ್ಲಿ ಕೇಳುವವರು ಇನ್ನೂ ಮನುಷ್ಯರೇ ಆಗಿದ್ದರೆ, ದಯವಿಟ್ಟು ಎರಡನೇ ಸಲವೂ ಕೇಳಿ. ಅದೇನೋ ಇನ್ನೊಂದು ಮಾತು ಬರೆಯಬೇಕೆಂದಿದ್ದೆ, ಇರಲಿ, ಕಿಟಕಿಯ ಬೆಳಕು ಹೋಗುತ್ತಿದೆ, ಸಾಲು ಕಾಣು